ದ್ರಾವಕವೂ ಪಾಲಿಮರ್ ತೆಳುಪೊರೆಯ ಸ್ಫಟಿಕರಚನೆಯೂ

ವಸ್ತುವಿನ ಗುಣವೆಲ್ಲ ಅದರ ರಾಸಾಯನಿಕ ಸೂತ್ರದಲ್ಲಿಯೇ ಅಡಗಿದೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಅದು ಯಾವ ಕ್ರಮದಲ್ಲಿ ಘನರೂಪವನ್ನು ತಾಳಿತೆಂಬ ಚರಿತ್ರೆಯೂ ಗುಣವನ್ನು ನಿರ್ಣಯಿಸಬಲ್ಲುದು. ವಿದ್ಯುತ್ತನ್ನು ಒಯ್ಯುವ ಪಾಲಿಮರುಗಳು ಇದಕ್ಕೆ ಉತ್ತಮ ನಿದರ್ಶನ.

1977ರಲ್ಲಿ ಶಿರಕಾವ, ಮ್ಯಾಕ್‌ಡಯಾರ್ಮಿಡ್, ಹೀಗರ್ ಮತ್ತು ಅವರ ಸಹೋದ್ಯೋಗಿಗಳು ಪಾಲಿಅಸಿಟಲೀನ್ ಪೊರೆಯನ್ನು ಅಯೊಡೀನ್ ಮೊದಲಾದವುಗಳ ಆವಿಗೆ ಒಡ್ಡಿ ಅದರ ವಾಹಕತೆಯನ್ನು ಅಪಾರವಾಗಿ ಹೆಚ್ಚಿಸಿದರು. ಈ ಕ್ಷೇತ್ರದ ಸಾಧನೆಗಾಗಿ ಆ ಮೂವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇಂತಹ ಪಾಲಿಮರುಗಳ ಸರಪಳಿಯಲ್ಲಿ ಏಕಬಂಧವೂ ದ್ವಿಬಂಧವೂ ಒಂದಾದ ಮೇಲೊಂದು ಬರುವುದರಿಂದ ವಿದ್ಯುದಾವೇಶವು ಅದರುದ್ದಕ್ಕೂ ಸಂಚರಿಸಬಲ್ಲುದು. ಆದರೆ ಒಂದು ಸರಪಳಿಯಿಂದ ಮತ್ತೊಂದಕ್ಕೆ ದಾಟಬೇಕಾದರೆ ಅವು ಒತ್ತಾಗಿ, ಕ್ರಮವಾಗಿ ಜೋಡಣೆಗೊಂಡಿರಬೇಕು.

ಪಾಲಿ-3-ಹೆಕ್ಸೈಲ್‌ಥಯೊಫೀನ್ ಎಂಬ ಪಾಲಿಮರಿನ ಸ್ಫಟಿಕದಲ್ಲಿ ಚಪ್ಪಟೆಯಾದ ಉಂಗುರಗಳು ಸುಮಾರು 0.38 ನ್ಯಾನೊಮೀಟರ್ ಅಂತರದಲ್ಲಿ ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಪಾರ್ಶ್ವಸರಪಳಿಗಳಿಂದ ಬೇರ್ಪಟ್ಟ ಪದರಗಳ ಅಂತರವಾದರೋ ಸುಮಾರು 1.6 ನ್ಯಾನೊಮೀಟರ್. ಆವೇಶವು ಪೇರಿಕೆಯ ದಿಕ್ಕಿನಲ್ಲಿ ಸುಲಭವಾಗಿಯೂ ಪಾರ್ಶ್ವಸರಪಳಿಗಳ ಮೂಲಕ ಬಹು ಕಷ್ಟದಿಂದಲೂ ಸಾಗುತ್ತದೆ. ಆದುದರಿಂದ ಸ್ಫಟಿಕವು ಎಷ್ಟಿದೆ ಎಂಬುದಲ್ಲದೆ, ಯಾವ ದಿಕ್ಕಿಗೆ ನಿಂತಿದೆ ಎಂಬುದೂ ಮುಖ್ಯವೇ.

ಇಲ್ಲಿ ದ್ರಾವಕದ ಪಾತ್ರವು ಒದಗುತ್ತದೆ. ಪಾಲಿಮರಿನ ದ್ರಾವಣವನ್ನು ವೇಗವಾಗಿ ತಿರುಗುವ ಫಲಕದ ಮೇಲೆ ಹರಡಿ ಪೊರೆಯನ್ನು ಮಾಡುತ್ತಾರೆ. ಕ್ಲೋರೊಫಾರ್ಮ್ ಸುಮಾರು 61 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದಾದ್ದರಿಂದ ಅದು ಬೇಗನೆ ಆವಿಯಾಗಿ, ಸರಪಳಿಗಳು ಅಣಿಯಾಗುವ ಮೊದಲೇ ಪೊರೆಯು ಗಟ್ಟಿಯಾಗುತ್ತದೆ. ಟ್ರೈಕ್ಲೋರೊಬೆಂಜೀನಿನ ಕುದಿಬಿಂದುವು 200 ಡಿಗ್ರಿಗೂ ಮೇಲಾದುದರಿಂದ ಸರಪಳಿಗಳಿಗೆ ಸಾವಕಾಶವು ದೊರೆಯುತ್ತದೆ. ಸಕ್ಕರೆಯ ಪಾಕವು ನಿಧಾನವಾಗಿ ಆರಿದರೆ ದೊಡ್ಡ ಹರಳಿನ ಕಲ್ಲುಸಕ್ಕರೆಯಾಗುವಂತೆಯೇ ಇದು. 2004ರಲ್ಲಿ ಪ್ರಕಟವಾದ ಕೇಂಬ್ರಿಡ್ಜಿನ ಪ್ರಯೋಗಗಳಲ್ಲಿ, ಈ ಬದಲಾವಣೆಯೊಂದರಿಂದಲೇ ಆವೇಶದ ಚಲನಶೀಲತೆಯು ಸುಮಾರು ಹತ್ತುಪಟ್ಟು ಹೆಚ್ಚಿತು.

ಆದರೂ ನಿಧಾನವೇ ಸರ್ವಸ್ವವಲ್ಲ. ಪಾಲಿಮರನ್ನು ಚೆನ್ನಾಗಿ ಕರಗಿಸಲಾರದ ದ್ರಾವಕದಲ್ಲಿ ಸರಪಳಿಗಳು ದ್ರಾವಣದಲ್ಲಿಯೇ ನಾರುಗಳಾಗಿ ಕೂಡಿಕೊಳ್ಳಬಹುದು. ಮತ್ತು ಸರಪಳಿಗಳು ತೀರ ಗಿಡ್ಡವಾಗಿದ್ದಲ್ಲಿ, ಸ್ಫಟಿಕಗಳು ಅಂದವಾಗಿ ಬೆಳೆದರೂ ಅವುಗಳ ನಡುವೆ ಆವೇಶವು ತಡೆಯಲ್ಪಡುತ್ತದೆ.

ಕ್ಲೋರಿನ್‌ಯುಕ್ತವಾದ ಈ ದ್ರಾವಕಗಳು ಆರೋಗ್ಯಕ್ಕೆ ಹಾನಿಕರವಾದುದರಿಂದ ಅವುಗಳಿಗೆ ಬದಲಿಯನ್ನು ಅರಸುವುದು ಅಗತ್ಯವೇ. ಆದರೆ ದ್ರಾವಕವನ್ನು ಬದಲಿಸಿದರೆ ಪೊರೆಯೂ ಬದಲಾಗುತ್ತದೆಂಬುದನ್ನು ಮರೆಯಲಾಗದು. ದ್ರಾವಕವನ್ನು ಹೇಳದೆ ಪಾಲಿಮರಿನ ಹೆಸರನ್ನಷ್ಟೇ ಹೇಳುವ ಅಳತೆಯು ಕಾಲನಿರ್ದೇಶವಿಲ್ಲದ ಶಾಸನದಂತೆ; ಅದನ್ನು ಓದಬಹುದು, ಆದರೆ ಮತ್ತೊಂದರೊಡನೆ ಹೋಲಿಸಿ ನಿರ್ಣಯಕ್ಕೆ ಬರುವುದು ಕಷ್ಟ.