ಕುದುರೆ ಸಾಕುವವರ ನಿತ್ಯದ ಪ್ರಶ್ನೆಗಳು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ದನ, ಎಮ್ಮೆ, ಕುರಿಗಳ ಸಾಕಣೆ ಬಲ್ಲವರು ಊರೂರಿಗೂ ಇದ್ದಾರೆ. ಕುದುರೆಯ ವಿಷಯ ಹಾಗಲ್ಲ. ಟಾಂಗಾಗಳು ಮರೆಯಾದಂತೆ ಅದರ ಆರೈಕೆ ತಿಳಿದ ಹಿರಿಯರೂ ಕಡಿಮೆಯಾದರು. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷವಿತ್ತು; 2012ರ ಗಣತಿಗಿಂತ ಇದು ಶೇಕಡಾ 45ರಷ್ಟು ಕಡಿಮೆ. ಆದರೂ ಕುರಿಹಿಂಡಿನೊಡನೆ ಅಲೆಯುವ ಈ ಭಾಗದ ಕುರುಬರಿಗೆ ಸಂಸಾರದ ಸಾಮಾನು ಹೊರಲು ತಟ್ಟು ಬೇಕೇ ಬೇಕು. ಜಾತ್ರೆಯ ಗಾಡಿ ಶರ್ಯತ್ತಿಗಾಗಿ, ಸವಾರಿಯ ಹವ್ಯಾಸಕ್ಕಾಗಿ ಕುದುರೆ ಕಟ್ಟಿದ ರೈತರೂ ಇದ್ದಾರೆ. ಇಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ದನದ ಮೇವನ್ನೇ ಹಾಕಬಹುದೇ?

ಒಣ ಮೇವು ಒಂದೇ ಆದರೂ ತಿನ್ನಿಸುವ ಕ್ರಮ ಬೇರೆ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ಚಿಕ್ಕದು. ತಿಂದದ್ದನ್ನು ವಾಂತಿ ಮಾಡಲೂ ಅದಕ್ಕೆ ಬಾರದು. ಆದ್ದರಿಂದ ಮೇವನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ನಾಲ್ಕು ಬಾರಿ ಕೊಡಬೇಕು. 250 ಕಿಲೋ ತೂಕದ ತಟ್ಟುವಿಗೆ ದಿನಕ್ಕೆ ಸುಮಾರು 5 ಕಿಲೋ ಒಣ ಆಹಾರ ಸಾಕು. ಕತ್ತರಿಸಿದ ಜೋಳದ ಕಣಿಕೆ, ಒಣಹುಲ್ಲು ಇದರ ಮುಖ್ಯ ಭಾಗವಾಗಿರಲಿ. ದುಡಿಯುವ ದಿನಗಳಲ್ಲಿ ಒಂದು ಕಿಲೋದಷ್ಟು ನೆನೆಸಿದ ಹುರುಳಿ ಇಲ್ಲವೆ ಕಡಲೆಯನ್ನು ಎರಡು ಮೂರು ಪಾಲು ಮಾಡಿ ಕೊಡಿರಿ. ಜೊತೆಗೆ ಸ್ವಲ್ಪ ಉಪ್ಪು, ಬೇಕಾದಷ್ಟು ಶುದ್ಧ ನೀರು ಅವಶ್ಯ.

ಮುಖ್ಯ ಎಚ್ಚರಿಕೆ ಗೋವಿನಜೋಳದ ಬಗ್ಗೆ. ಈ ಭಾಗದಲ್ಲಿ ಗೋವಿನಜೋಳ ಯಥೇಚ್ಛ ಬೆಳೆಯುತ್ತದೆ. ಮಳೆಗೆ ತೊಯ್ದು ಬೂಷ್ಟು ಹಿಡಿದ ಕಾಳು ಮಾರಾಟವಾಗದೆ ಉಳಿದಾಗ ಅದನ್ನು ಕುದುರೆಯ ಮುಂದೆ ಸುರಿಯುವುದುಂಟು. ಆ ಬೂಷ್ಟಿನಲ್ಲಿ ಹುಟ್ಟುವ ಫ್ಯುಮೋನಿಸಿನ್ ಎಂಬ ವಿಷ ಕುದುರೆಯ ಮೆದುಳನ್ನು ಕೊಳೆಸುತ್ತದೆ. ಪ್ರಾಣಿ ಮಂಕಾಗಿ, ಗೋಡೆಗೆ ತಲೆಯೊತ್ತಿ ನಿಂತು, ತೂರಾಡಿ ಸಾಯುತ್ತದೆ. ಇದಕ್ಕೆ ಮದ್ದಿಲ್ಲ. ಅಂಥ ಕಾಳನ್ನು ಬೇಯಿಸಿದರೂ ವಿಷ ಪೂರ್ಣ ಹೋಗುವುದಿಲ್ಲ. ಕೋಳಿ ಆಹಾರವನ್ನೂ ಕುದುರೆಗೆ ಹಾಕಬಾರದು. ಕೋಳಿಯ ರೋಗ ತಡೆಯಲು ಅದರಲ್ಲಿ ಬೆರೆಸುವ ಮೊನೆನ್ಸಿನ್‌ನಂಥ ಔಷಧಿ ಕುದುರೆಯ ಹೃದಯಕ್ಕೆ ಮಾರಕ.

ಹೊಟ್ಟೆಶೂಲೆ ಬಂದರೆ?

ಕುದುರೆ ನೆಲ ಕೆರೆಯುವುದು, ಪಕ್ಕೆಯ ಕಡೆಗೆ ತಿರುಗಿ ನೋಡುವುದು, ಹೊರಳಾಡುವುದು, ಲದ್ದಿ ಹಾಕದಿರುವುದು ಶೂಲೆಯ ಲಕ್ಷಣಗಳು. ಕೂಡಲೆ ಮೇವು ತೆಗೆಯಿರಿ. ಬಾಯಿಗೆ ಎಣ್ಣೆ, ಕಷಾಯ ಸುರಿಯಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದೀತು. ದವಡೆಯ ಕೆಳಗೆ ನಾಡಿ ಎಣಿಸಿರಿ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಇರುತ್ತದೆ. 60 ದಾಟಿದರೆ ಅಪಾಯ. ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಎಷ್ಟು ಭಾರ, ಎಷ್ಟು ದುಡಿತ?

1965ರ ಕೇಂದ್ರ ನಿಯಮಗಳ ಪ್ರಕಾರ ತಟ್ಟುವಿನ ಬೆನ್ನ ಮೇಲೆ 70 ಕಿಲೋಗಿಂತ ಹೆಚ್ಚು ಹೇರುವಂತಿಲ್ಲ. ದಿನಕ್ಕೆ ಒಟ್ಟು 9 ತಾಸು, ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹಚ್ಚಬಾರದು. ಬೇಸಿಗೆಯಲ್ಲಿ ವಲಸೆ ಹೋಗುವವರು ಇದನ್ನು ನೆನಪಿಡಬೇಕು. ಹೇರಿನ ಕೆಳಗೆ ಮಡಿಚಿದ ಕಂಬಳಿ ಹಾಕಿ, ಬೆನ್ನೆಲುಬಿನ ಮೇಲೆ ಭಾರ ಬೀಳದಂತೆ ಎರಡೂ ಬದಿಗೆ ಸಮನಾಗಿ ಕಟ್ಟಿರಿ. ಸವಾರಿಯ ಜೀನಿಗೂ ಇದೇ ಸೂತ್ರ. ಬೆನ್ನು ಹುಣ್ಣಾದರೆ ಪೂರ್ಣ ಮಾಯುವವರೆಗೆ ಜೀನು ಬೇಡ. ಮೂರು ವರ್ಷ ತುಂಬದ ಮರಿಯನ್ನು ಸವಾರಿಗಾಗಲಿ, ಶರ್ಯತ್ತಿಗಾಗಲಿ ಬಳಸಬೇಡಿರಿ, ಎಲುಬು ಬಲಿತಿರುವುದಿಲ್ಲ.

ಗೊರಸಿನ ಆರೈಕೆ ಹೇಗೆ?

ದಿನವೂ ಗೊರಸೆತ್ತಿ ಕಲ್ಲು, ಕೆಸರು ತೆಗೆಯಬೇಕು. ಎರೆಮಣ್ಣಿನ ಹಸಿಯಲ್ಲಿ, ಲದ್ದಿಯಲ್ಲಿ ನಿಂತ ಕುದುರೆಯ ಗೊರಸು ಕೊಳೆತು ನಾರುತ್ತದೆ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಿರಿ. ಮೊಳೆ ಚುಚ್ಚಿದ ಗಾಯದಿಂದ ಧನುರ್ವಾಯು ಬರಬಹುದು. ಅದಕ್ಕೆ ಮೊದಲೇ ಲಸಿಕೆ ಹಾಕಿಸುವುದು ಕ್ಷೇಮ.

ಯಾವ ರೋಗಗಳಿಗೆ ಹೆದರಬೇಕು?

ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಬಿಟ್ಟು ಬಿಟ್ಟು ಜ್ವರ ಬಂದು, ಕಾಲು ಮತ್ತು ಕೆಳಹೊಟ್ಟೆ ಬಾತು, ಪ್ರಾಣಿ ಸೊರಗುತ್ತದೆ. ಬೇಗ ರಕ್ತ ಪರೀಕ್ಷೆ ಮಾಡಿಸಿದರೆ ಗುಣಪಡಿಸಬಹುದು. ಗ್ಲ್ಯಾಂಡರ್ಸ್ ಇದಕ್ಕಿಂತ ಭಯಂಕರ. ಮೂಗಿನಿಂದ ಕೀವು, ಚರ್ಮದ ಮೇಲೆ ಒಡೆಯುವ ಗಂಟುಗಳು ಇದರ ಗುರುತು. ಇದು ಮನುಷ್ಯರಿಗೂ ಅಂಟುತ್ತದೆ. 2009ರ ಕಾಯಿದೆಯಂತೆ ಇದನ್ನು ಪಶು ಇಲಾಖೆಗೆ ತಿಳಿಸಲೇಬೇಕು. ರೋಗ ಖಚಿತವಾದ ಪ್ರಾಣಿಯನ್ನು ಕೊಲ್ಲಿಸಬೇಕಾಗುತ್ತದೆ, ಪರಿಹಾರವೂ ದೊರೆಯುತ್ತದೆ. ನಷ್ಟಕ್ಕೆ ಹೆದರಿ ಮುಚ್ಚಿಟ್ಟರೆ ಮನೆಯವರ ಜೀವಕ್ಕೇ ಕುತ್ತು. ಜಾತ್ರೆಯಲ್ಲಿ ಹತ್ತು ಊರಿನ ಕುದುರೆಗಳು ಕೂಡುವುದರಿಂದ ನಿಮ್ಮ ಕುದುರೆಗೆ ಬೇರೆ ಬಕೀಟಿನಲ್ಲಿ ನೀರು ಕುಡಿಸಿರಿ. ಹೊಸದಾಗಿ ಕೊಂಡ ಕುದುರೆಯನ್ನು ಮೂರು ವಾರ ಬೇರೆಯೇ ಕಟ್ಟಿರಿ.

ಸಂದೇಹ ಬಂದಾಗ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ, ಇಲ್ಲವೆ ಸಂಚಾರಿ ಪಶು ಚಿಕಿತ್ಸೆಗಾಗಿ 1962ಕ್ಕೆ ದೂರವಾಣಿ ಮಾಡಿರಿ. ಕುದುರೆ ನೋವನ್ನು ಬಾಯಿಬಿಟ್ಟು ಹೇಳದು. ಬೆಳಿಗ್ಗೆ ಮೇವು ಹಾಕುವಾಗ ಅದರ ಕಣ್ಣು, ಲದ್ದಿ, ಗೊರಸುಗಳನ್ನು ಒಮ್ಮೆ ನೋಡುವ ರೂಢಿ ಬೆಳೆಸಿಕೊಂಡರೆ ಎಷ್ಟೋ ಅನಾಹುತಗಳನ್ನು ಮೊದಲೇ ತಡೆಯಬಹುದು.