ಕ್ಲಾರಿಯೋನೆಟ್ಟಿಗೆ ಬೇಕಾದದ್ದು ದಮ್ಮೋ, ಕಿವಿಯೋ?

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಹುಲಜಂತಿ ಅಂದಕೂಡಲೇ ನೆನಪಾಗುವುದು ದೀಪಾವಳಿಯ ಮಾಳಿಂಗರಾಯನ ಜಾತ್ರೆ, ಪಲ್ಲಕ್ಕಿಗಳ ಭೇಟಿ, ಭಂಡಾರ, ಡೊಳ್ಳು. ಆದರೆ ಸೊಲ್ಲಾಪುರ, ಅಕ್ಕಲಕೋಟೆ ಭಾಗದಲ್ಲಿ ಲಗ್ನದ ಹಂಗಾಮು ಬಂತೆಂದರೆ ಬ್ಯಾಂಡಿನವರ ಕ್ಲಾರಿಯೋನೆಟ್ಟು, ಸ್ಯಾಕ್ಸೋಫೋನುಗಳದ್ದೂ ಒಂದು ದರಬಾರು. ಅದನ್ನು ಕೇಳಿದ ಹುಡುಗನೊಬ್ಬ ‘ನಾನೂ ಕಲೀತೀನಿ’ ಅಂದರೆ ಮನೆಯ ಹಿರಿಯರಿಂದ ಬರುವ ಮೊದಲ ಮಾತು: ‘ಅದಕ್ಕ ಭಾಳ ದಮ್ಮು ಬೇಕೋ ತಮ್ಮಾ.’ ಹೊಸಬರನ್ನು ಹಾದಿ ತಪ್ಪಿಸುವ ಬಹುತೇಕ ನಂಬಿಕೆಗಳು ಹುಟ್ಟುವುದು ಈ ಒಂದು ಮಾತಿನಿಂದಲೇ.

ನಂಬಿಕೆ: ಎದೆಯಲ್ಲಿ ದಮ್ಮಿದ್ದವರಿಗೆ ಮಾತ್ರ ಈ ವಾದ್ಯ.

ಕ್ಲಾರಿಯೋನೆಟ್ಟಿನ ಮೌತ್‌ಪೀಸಿನ ತುದಿಗೂ ಅದಕ್ಕೆ ಕಟ್ಟಿದ, ಉಸಿರಿಗೆ ಕಂಪಿಸುವ ತೆಳು ಪಟ್ಟಿಯಾದ ರೀಡಿಗೂ ನಡುವೆ ಇರುವ ಸಂದು ಸುಮಾರು ಒಂದು ಮಿಲಿಮೀಟರ್. ಇಷ್ಟು ಸಣ್ಣ ಸಂದಿಯಲ್ಲಿ ಎಷ್ಟೆಂದು ಗಾಳಿ ತುಂಬುತ್ತೀರಿ? ಬೇಕಾದದ್ದು ಗಾಳಿಯ ರಾಶಿಯಲ್ಲ, ಒಂದೇ ಸಮನೆ ಹರಿಯುವ ಉಸಿರು. ಹೊಟ್ಟೆ, ಪಕ್ಕೆ ಹಿಗ್ಗುವಂತೆ ಉಸಿರು ಎಳೆದುಕೊಂಡು, ಹೆಗಲು ಏರಿಸದೆ, ಎಣಿಸುತ್ತಾ ಬಿಡುವುದು ರೂಢಿಯಾದರೆ ಹತ್ತು ಹನ್ನೆರಡು ವರ್ಷದ ಮಕ್ಕಳೂ ಚೆನ್ನಾಗಿ ನುಡಿಸುತ್ತಾರೆ. ‘ಊದಿದರೆ ಟಿಬಿ ಬರುತ್ತೆ’ ಅನ್ನುವುದೂ ಸುಳ್ಳು. ಅದು ರೋಗಾಣುವಿನಿಂದ ಬರುವ ಕಾಯಿಲೆ. ಆದರೆ ಒಬ್ಬರು ಊದಿದ ಮೌತ್‌ಪೀಸನ್ನು ತೊಳೆಯದೆ ಇನ್ನೊಬ್ಬರು ಬಾಯಿಗಿಡುವುದು ಮಾತ್ರ ಬೇಡವೇ ಬೇಡ.

ನಂಬಿಕೆ: ಗಲ್ಲ ಉಬ್ಬಿಸಿ ಊದಬೇಕು.

ಇದು ಶಹನಾಯಿಯವರನ್ನು ನೋಡಿ ಬಂದದ್ದು. ಸೊಲ್ಲಾಪುರದ ಜಾಧವ ಮನೆತನ ಬೆಳೆಸಿದ ಸುಂದರಿ ಎಂಬ ವಾದ್ಯ ಕೂಡ ಶಹನಾಯಿಯ ಜಾತಿಯದೇ. ಅಲ್ಲಿ ಜೋಡಿ ರೀಡು, ಬಾಯಿ ಹಿಡಿಯುವ ಪದ್ಧತಿಯೇ ಬೇರೆ. ಕ್ಲಾರಿಯೋನೆಟ್ಟು, ಸ್ಯಾಕ್ಸೋಫೋನುಗಳದ್ದು ಒಂಟಿ ರೀಡು. ಕೆಳತುಟಿಯನ್ನು ಕೆಳಗಿನ ಹಲ್ಲಿನ ಮೇಲೆ ತುಸು ಮಡಚಿ, ಮೇಲಿನ ಹಲ್ಲನ್ನು ಮೌತ್‌ಪೀಸಿನ ಮೇಲೆ ಹಗುರವಾಗಿ ಊರಿ, ಬಾಯಿಯ ಎರಡೂ ಮೂಲೆಗಳನ್ನು ಬಿಗಿಯಾಗಿ ಹಿಡಿಯಬೇಕು. ಕಲಿಯುವಾಗ ಗಲ್ಲ ಉಬ್ಬಿತೋ, ಆ ಬಿಗಿ ಹೋಗುತ್ತದೆ, ಸ್ವರ ಅಲುಗುತ್ತದೆ. ಹಾಗಂತ ಕಚ್ಚಲೂಬಾರದು. ಕಚ್ಚಿದರೆ ಸಂದು ಮುಚ್ಚಿಕೊಂಡು ನಾದ ತೆಳ್ಳಗಾಗುತ್ತದೆ, ಸ್ವರ ಏರುತ್ತದೆ.

ನಂಬಿಕೆ: ಗಟ್ಟಿ ರೀಡು ಹಾಕಿದವನೇ ದೊಡ್ಡ ಕಲಾವಿದ.

ರೀಡಿನ ಮೇಲಿರುವ ಅಂಕಿ ಗಡಸುತನದ್ದು, ಗುಣಮಟ್ಟದ್ದಲ್ಲ. ಹೊಸಬರಿಗೆ 2 ಇಲ್ಲವೆ 2.5 ಸಾಕು. ಇಲ್ಲಿ ಸಲ್ಲದ ಸ್ವಾಭಿಮಾನ ಬೇಡ. ಗಟ್ಟಿ ರೀಡಿನ ಜೊತೆ ಗುದ್ದಾಡುವ ಹುಡುಗ ಮೊದಲು ಕಲಿಯುವುದೇ ಕಚ್ಚುವುದನ್ನು.

ನಂಬಿಕೆ: ಕಿರುಚಿತು ಅಂದರೆ ವಾದ್ಯ ಕೆಟ್ಟಿದೆ.

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಕ್ಲಾರಿಯೋನೆಟ್ಟಿನಲ್ಲಿ ಬೆರಳಿನಿಂದಲೇ ಮುಚ್ಚಬೇಕಾದ ರಂಧ್ರಗಳು ಏಳು. ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ನಾದ ಚೀರುತ್ತದೆ. ಪರೀಕ್ಷೆ ಸುಲಭ. ಕೆಳಗಿನ ಸ್ವರವೊಂದನ್ನು ಹಿಡಿದು ಹತ್ತು ಎಣಿಸಿ, ತಕ್ಷಣ ಬೆರಳ ತುದಿಯ ಮಾಂಸಲ ಭಾಗ ನೋಡಿಕೊಳ್ಳಿ. ಪ್ರತಿ ಬೆರಳಲ್ಲೂ ರಂಧ್ರದ ಅಚ್ಚು ಪೂರ್ತಿ ದುಂಡಗೆ ಮೂಡಿರಬೇಕು. ಅರ್ಧಚಂದ್ರ ಮೂಡಿದ್ದರೆ ಗಾಳಿ ಸೋರಿದ್ದು ಆ ಬೆರಳಲ್ಲೇ. ಹೆಚ್ಚಾಗಿ ಅದು ಬಲಗೈಯ ಉಂಗುರ ಬೆರಳು. ಗಟ್ಟಿಯಾಗಿ ಒತ್ತುವುದು ಪರಿಹಾರವಲ್ಲ. ಬೆರಳನ್ನು ತುಸು ಚಪ್ಪಟೆಯಾಗಿ, ಸರಿಯಾದ ಜಾಗಕ್ಕೆ ಕೂರಿಸಬೇಕು. ಸ್ಯಾಕ್ಸೋಫೋನಿನಲ್ಲಿ ರಂಧ್ರ ಮುಚ್ಚುವ ಕೆಲಸ ಪ್ಯಾಡುಗಳದ್ದಾದ್ದರಿಂದ ಈ ಕಾಟ ಕಡಿಮೆ.

ನಂಬಿಕೆ: ಎರಡರಲ್ಲಿ ಒಂದು ವಾದ್ಯ ಬಂದರೆ ಇನ್ನೊಂದು ತಾನೇ ಬರುತ್ತದೆ.

ಸ್ಯಾಕ್ಸೋಫೋನ್ ಹಿತ್ತಾಳೆಯದಾದರೂ ತುತ್ತೂರಿಯ ಕುಲಕ್ಕಲ್ಲ, ಕ್ಲಾರಿಯೋನೆಟ್ಟಿನ ಕುಲಕ್ಕೇ ಸೇರಿದ್ದು. ಕುಲ ಹೇಳುವುದು ರೀಡು. ಆದರೂ ಎರಡರ ಒಳಕೊಳವೆ ಬೇರೆ. ಸ್ಯಾಕ್ಸೋಫೋನಿನದ್ದು ಕೆಳಗೆ ಬರುತ್ತಾ ಅಗಲವಾಗುತ್ತದೆ; ಹೆಬ್ಬೆರಳಿನ ಕೀ ಒತ್ತಿದರೆ ಅದೇ ಬೆರಳುಗಳಿಗೆ ಮೇಲಿನ ಸಪ್ತಕದ ಅದೇ ಸ್ವರ ಬರುತ್ತದೆ. ಕ್ಲಾರಿಯೋನೆಟ್ಟಿನದ್ದು ಹೆಚ್ಚುಕಡಿಮೆ ಒಂದೇ ಅಗಲ. ಅಲ್ಲಿ ‘ಸಾ’ ಹಿಡಿದು ಕೀ ಒತ್ತಿದರೆ ಬರುವುದು ಮೇಲಿನ ‘ಸಾ’ ಅಲ್ಲ, ಮೇಲಿನ ‘ಪಾ’. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ತಮಗೇ ಕಿವಿಯಿಲ್ಲ ಅಂದುಕೊಂಡು ವಾದ್ಯ ಕೆಳಗಿಡುತ್ತಾರೆ.

ನಂಬಿಕೆ: ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ ಒಂದೂ ನಮ್ಮ ವಾದ್ಯದ ‘ಸಿ’ಯೂ ಒಂದೇ.

ಅಲ್ಲ. ಬ್ಯಾಂಡಿನಲ್ಲಿ ಸಾಮಾನ್ಯವಾಗಿರುವ ಬಿ ಫ್ಲ್ಯಾಟ್ ಕ್ಲಾರಿಯೋನೆಟ್ಟಿನಲ್ಲಿ ‘ಸಿ’ ಬೆರಳು ಹಿಡಿದರೆ ಪೆಟ್ಟಿಗೆಯ ಕರಿ ಐದು ಕೇಳುತ್ತದೆ. ‘ಇ’ ಫ್ಲ್ಯಾಟ್ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಕರಿ ಎರಡು. ಭಜನಾ ಮೇಳದವರು ಬಿಳಿ ಒಂದರಲ್ಲಿ ಹಾಡುತ್ತಿದ್ದರೆ ಕ್ಲಾರಿಯೋನೆಟ್ಟಿನವರು ‘ಡಿ’ಯನ್ನೂ ಆಲ್ಟೋದವರು ‘ಎ’ಯನ್ನೂ ಸಾ ಮಾಡಿಕೊಳ್ಳಬೇಕು. ಜೊತೆಗೆ ಚಳಿಯ ಬೆಳಗಿನಲ್ಲಿ ತಣ್ಣಗಿದ್ದ ವಾದ್ಯ ಇಳಿದು ನುಡಿಯುತ್ತದೆ, ಉಸಿರಿನ ಕಾವಿಗೆ ಏರುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ನುಡಿಸಿದ ಮೇಲೆಯೇ ಶ್ರುತಿ ಕೂಡಿಸಿ.

ನಂಬಿಕೆ: ನಮ್ಮ ರಾಗ ಈ ವಾದ್ಯಗಳಲ್ಲಿ ಬರುವುದಿಲ್ಲ.

ಬಂಟ್ವಾಳ ತಾಲೂಕಿನ ಸಜೀಪದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೇ ಮನಸೋತವರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ಕರ್ನಾಟಕ ಸಂಗೀತವನ್ನು ಅದರಲ್ಲಿ ನುಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ನಮಗೆ ಇನ್ನೂ ಹತ್ತಿರದ ರಾಯಚೂರು ಸೀಮೆಯ ಪಂಡಿತ ನರಸಿಂಹಲು ವಡವಾಟಿ ಅವರು ಹಿಂದೂಸ್ತಾನಿ ರಾಗಗಳನ್ನು ಕ್ಲಾರಿಯೋನೆಟ್ಟಿನಲ್ಲೇ ಹಾಡಿಸಿದವರು. ತುಟಿಯ ಬಿಗಿಯನ್ನು ಕೂದಲೆಳೆಯಷ್ಟು ಸಡಿಲಿಸಿ, ಬೆರಳನ್ನು ರಂಧ್ರದ ಮೇಲಿಂದ ಮೆಲ್ಲಗೆ ಸರಿಸಿದರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬರುತ್ತದೆ. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಕಿವಿ.

ನಂಬಿಕೆ: ದಿನಕ್ಕೆ ನಾಲ್ಕು ತಾಸು ಊದಿದರೇ ಕಲಿಕೆ.

ಹೊಸಬರ ತುಟಿಯ ಸ್ನಾಯು ಬೇಗ ದಣಿಯುತ್ತದೆ. ದಣಿದ ಮೇಲೂ ಊದಿದರೆ ಬಾಯಿ ತಾನಾಗಿಯೇ ಕಚ್ಚಲು ಶುರುಮಾಡುತ್ತದೆ, ಅದೇ ರೂಢಿಯಾಗುತ್ತದೆ. ಮೊದಲ ತಿಂಗಳುಗಳಲ್ಲಿ ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ಫೋನಿನಲ್ಲಿ ತಂಬೂರಿ ಹಚ್ಚಿಕೊಂಡು ಒಂದೊಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿಯಿರಿ; ಆಮೇಲೆ ಸ್ವರಗಳನ್ನು ಹೆಣೆದು ನುಡಿಸುವ ಪಲ್ಟಾ. ತಪ್ಪಿದ ಕಡೆ ಮತ್ತೆ ಮೊದಲಿನಿಂದ ಹೊರಡುವುದು ಎಲ್ಲರಿಗೂ ಇರುವ ಚಟ. ಅದನ್ನು ಬಿಟ್ಟು, ಎಡವಿದ ಎರಡು ಸ್ವರಗಳನ್ನಷ್ಟೇ ಅರ್ಧ ವೇಗದಲ್ಲಿ ನುಡಿಸಿ. ಡೊಳ್ಳಿನ ಮನೆಯ ಹುಡುಗರಿಗಂತೂ ಲಯ ಹುಟ್ಟಿನಿಂದಲೇ ಕಾಲಲ್ಲಿದೆ. ಮನೆಯವರೊಬ್ಬರು ನಿಧಾನವಾಗಿ ಪೆಟ್ಟು ಹಾಕಿದರೆ ಅದಕ್ಕಿಂತ ಒಳ್ಳೆಯ ಜೊತೆ ಬೇಕಿಲ್ಲ.

ನಂಬಿಕೆ: ಮರದ್ದನ್ನೇ ಕೊಳ್ಳಬೇಕು.

ಕಲಿಯುವವರಿಗೆ ಪ್ಲಾಸ್ಟಿಕ್ಕಿನ ಕ್ಲಾರಿಯೋನೆಟ್ಟೇ ಲೇಸು. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುವ ಒಣ ಬಿಸಿಲು. ಹೊರಗೆ ಒಣಗಿ, ಒಳಗೆ ಉಸಿರಿನ ತೇವ ಕುಡಿದ ಮರ ಬಿರುಕು ಬಿಡುತ್ತದೆ. ಯಾವುದೇ ಇರಲಿ, ನುಡಿಸಿ ಮುಗಿದ ಮೇಲೆ ಒಳಗೊಂದು ಹತ್ತಿ ಬಟ್ಟೆ ಎಳೆದು ತೇವ ತೆಗೆಯಿರಿ. ರೀಡನ್ನು ಬಿಚ್ಚಿ, ಒರೆಸಿ, ಚಪ್ಪಟೆ ಡಬ್ಬಿಯಲ್ಲಿಡಿ. ಮೌತ್‌ಪೀಸನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಕುದಿಯುವ ನೀರಲ್ಲಿ ಅಲ್ಲ.