ಸ್ಕ್ಯಾನ್ ನಾರ್ಮಲ್ ಇದ್ದರೂ ತಲೆಪೆಟ್ಟು ಪೆಟ್ಟೇ

ಕಳೆದ ಸಾಲಿನಲ್ಲಿ ಬೈಕಿನಿಂದ ಬಿದ್ದಿದ್ದ ಪಿಯುಸಿ ವಿದ್ಯಾರ್ಥಿಯೊಬ್ಬನ ವಿದ್ಯಾರ್ಥಿವೇತನವನ್ನು ಅಂಕ ಕಡಿಮೆಯೆಂದು ನಾವು ನವೀಕರಿಸಲಿಲ್ಲ. ‘ಸ್ಕ್ಯಾನ್ ನಾರ್ಮಲ್ ಇದೆ, ಇವನಿಗೆ ಓದಲು ಸೋಮಾರಿತನ’ ಎಂದು ಮನೆಯವರೂ ಹೇಳಿದ್ದರು. ನಮ್ಮ ತೀರ್ಮಾನ ತಪ್ಪಾಗಿತ್ತು.

ಸಿಟಿ ಸ್ಕ್ಯಾನ್ ತೋರಿಸುವುದು ಮುಖ್ಯವಾಗಿ ರಕ್ತಸ್ರಾವ ಮತ್ತು ಮೂಳೆ ಮುರಿತವನ್ನು, ಜೀವಕೋಶದೊಳಗಿನ ಬದಲಾವಣೆಯನ್ನಲ್ಲ. ತಲೆ ಜೋರಾಗಿ ಅಲುಗಿದಾಗ ಮೆದುಳಿನ ನರತಂತುಗಳು ಎಳೆತಕ್ಕೆ ಸಿಲುಕುತ್ತವೆ. ಅಲ್ಲಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಎಚ್ಚೆತ್ತುಕೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಚುರುಕಾಗಿ, ಇಂಟರ್‌ಲ್ಯೂಕಿನ್‌ನಂತಹ ಪ್ರೋಟೀನ್‌ಗಳು ಹೆಚ್ಚು ತಯಾರಾಗುತ್ತವೆ. ಜೀನ್ ಎಂದೊಡನೆ ‘ವಂಶದ ಕಾಯಿಲೆಯೇ?’ ಎಂದು ಪೋಷಕರು ಗಾಬರಿಪಡಬೇಕಿಲ್ಲ. ಇಲ್ಲಿ ಜೀನ್ ಕೆಟ್ಟಿರುವುದಿಲ್ಲ, ಅದರ ಕೆಲಸ ಹೆಚ್ಚು ಕಡಿಮೆಯಾಗಿರುತ್ತದೆ, ಅಷ್ಟೇ. ಗಾಯದ ದುರಸ್ತಿಗೆ ಸ್ವಲ್ಪ ಉರಿಯೂತ ಬೇಕು ಕೂಡ. ಅದು ತಣಿಯದೆ ಮುಂದುವರಿದರೆ ತಲೆನೋವು, ಮರೆವು, ನಿದ್ರೆಗೇಡು ಉಳಿಯಲು ಕಾರಣವಾಗಬಹುದು.

ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಅಷ್ಟರೊಳಗೆ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹೆಚ್ಚು. ಆದ್ದರಿಂದ ವೈದ್ಯರು ಹೇಳುವವರೆಗೆ ಕಬಡ್ಡಿ, ಫುಟ್‌ಬಾಲ್, ಬೈಕ್ ಯಾವುದೂ ಬೇಡ. ಓದನ್ನೂ ಸ್ವಲ್ಪ ಸ್ವಲ್ಪವಾಗಿ ಆರಂಭಿಸಲಿ. ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಮಂಪರು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಸಕ್ತ ಸಾಲಿನಿಂದ, ತಲೆಗೆ ಪೆಟ್ಟಾದ ಬಗ್ಗೆ ವೈದ್ಯರ ಪ್ರಮಾಣಪತ್ರವನ್ನು ಅರ್ಜಿಯೊಂದಿಗೆ ಲಗತ್ತಿಸಿದವರಿಗೆ ಅದರ ಹಿಂದಿನ ವರ್ಷದ ಅಂಕಗಳನ್ನೇ ಪರಿಗಣಿಸುತ್ತೇವೆ. ಆ ವಿದ್ಯಾರ್ಥಿಯ ಹೆಸರು ಈ ಬಾರಿ ನವೀಕರಣದ ಪಟ್ಟಿಯಲ್ಲಿದೆ, ಅಲ್‌ಹಮ್ದುಲಿಲ್ಲಾಹ್.